ತವರದ ಊರಿನಿಂದ ಚಿನ್ನದ ಊರಿಗೆ

ನನ್ನ ತಾತ ಕೋಲಾರದ ಚಿನ್ನದ ಗಣಿಯಲ್ಲಿ, ಅಂದರೆ ಕೆ.ಜಿ.ಎಫ್.ನಲ್ಲಿ, ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಕೆಲಸಗಾರರನ್ನು ಗಣಿಯ ಶಾಫ್ಟ್‌ನೊಳಗೆ ಇಳಿಸಿ, ಪಾಳಿ ಮುಗಿದ ಮೇಲೆ ಮೇಲಕ್ಕೆತ್ತುವ ಯಂತ್ರವನ್ನು ಅವರು ನಡೆಸುತ್ತಿದ್ದರು. ಚಿಕ್ಕವಳಿದ್ದಾಗ ನಾನು ಅದನ್ನು ಲಿಫ್ಟ್ ನಡೆಸುವ ಕೆಲಸ ಎಂದುಕೊಂಡಿದ್ದೆ. ಕಳೆದ ಬೇಸಿಗೆ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಕಾರ್ನ್‌ವಾಲ್‌ಗೆ ಹೋಗಿ ಬಂದ ಮೇಲೆ ನನಗೆ ಅದರ ಅರ್ಥ ಗೊತ್ತಾಯಿತು.

ಕಾರ್ನ್‌ವಾಲ್ ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿದೆ. ಎಲ್ಲರೂ ಅಲ್ಲಿಗೆ ಸಮುದ್ರ ನೋಡಲು ಹೋಗುತ್ತಾರೆ. ನಾವು ಕ್ಯಾಂಬೋರ್ನ್ ಮತ್ತು ರೆಡ್ರುತ್ ಎಂಬ ಹಳೆಯ ಗಣಿ ಊರುಗಳಿಗೂ ಹೋದೆವು. ಅಲ್ಲಿ ನೆಲದಿಂದ ತಾಮ್ರವನ್ನೂ ತವರವನ್ನೂ ತೆಗೆಯುತ್ತಿದ್ದರು. ಗುಡ್ಡಗಳ ಮೇಲೆ ಉದ್ದ ಚಿಮಣಿ ಇರುವ ಕಲ್ಲಿನ ಎಂಜಿನ್ ಮನೆಗಳು ಈಗಲೂ ನಿಂತಿವೆ. ಗಣಿ ಆಳವಾದಂತೆ ಒಳಗೆ ನೀರು ತುಂಬುತ್ತದೆ. ಆ ನೀರನ್ನು ಹೊರಹಾಕಲು ಉಗಿಯಂತ್ರ ಬೇಕಾಗಿತ್ತು. ಕ್ಯಾಂಬೋರ್ನ್‌ನ ರಸ್ತೆಯಲ್ಲೇ ರಿಚರ್ಡ್ ಟ್ರೆವಿಥಿಕ್ 1801ರಲ್ಲಿ ತನ್ನ ಉಗಿಬಂಡಿ ಓಡಿಸಿದ. ಈ ಗಣಿ ಪ್ರದೇಶ 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈಸ್ಟ್ ಪೂಲ್ ಎಂಬ ಗಣಿಯಲ್ಲಿ ಅದಿರು ಎತ್ತುತ್ತಿದ್ದ ವೈಂಡಿಂಗ್ ಎಂಜಿನ್ ನೋಡಿದೆ. ತಕ್ಷಣ ತಾತನಿಗೆ ವಿಡಿಯೋ ಕಾಲ್ ಮಾಡಿದೆ. "ಡ್ರೈವರ್ ನಿಲ್ಲೋ ಜಾಗ ತೋರಿಸಮ್ಮ" ಅಂದರು. ತೋರಿಸಿದೆ. "ನಮ್ಮದು ಕರೆಂಟಿನದು. ಆದರೆ ಕೆಲಸ ಒಂದೇ. ಕೇಜಿನಲ್ಲಿ ಇರೋರು ನಮಗೆ ಕಾಣಲ್ಲ. ಗಂಟೆ ಹೊಡೆದಿದ್ದು ಮಾತ್ರ ಕೇಳ್ಸುತ್ತೆ. ಅದನ್ನ ನಂಬಿ ಅವರ ಪ್ರಾಣ ಹಿಡ್ಕೊಂಡಿರಬೇಕು" ಅಂದರು.

ಈ ಎರಡು ಊರುಗಳಿಗೆ ನಿಜವಾದ ಸಂಬಂಧವಿದೆ. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು ಕಾರ್ನ್‌ವಾಲ್‌ನ ಅನೇಕ ಗಣಿಗಳು ಮುಚ್ಚಿದವು. ಸಾವಿರಾರು ಗಣಿಗಾರರು ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾಗಳಿಗೆ ವಲಸೆ ಹೋದರು. ಕೋಲಾರದಲ್ಲಿ ಚಿನ್ನ ಹುಡುಕಲು ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ 1873ರಲ್ಲಿ ಮೈಸೂರು ಸರ್ಕಾರದ ಅನುಮತಿ ಕೇಳಿದ್ದ. ಮುಂದೆ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಕಂಪನಿ ಅಲ್ಲಿಗೆ ಬಂತು. ಆ ಕಂಪನಿಗೆ ಕಾರ್ನ್‌ವಾಲ್ ಗಣಿಗಳಲ್ಲಿ ಬಹಳ ಅನುಭವವಿತ್ತು. ಹೀಗೆ ಕಾರ್ನಿಷ್ ಗಣಿಗಾರರೂ ಕೋಲಾರಕ್ಕೆ ಬಂದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ!

ಆದರೆ ಇತಿಹಾಸ ಬರೀ ಯಂತ್ರಗಳದ್ದಲ್ಲ. ಸಾಹೇಬರಿಗೆ ಬಂಗಲೆ, ಕ್ಲಬ್ಬು ಇದ್ದವು. ಅದಕ್ಕೇ ಕೆ.ಜಿ.ಎಫ್.ಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರು. ಆಳಕ್ಕೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ತಮಿಳು ಜಿಲ್ಲೆಗಳಿಂದ ಬಂದ ಬಡವರು, ಬಹಳಷ್ಟು ಮಂದಿ ದಲಿತರು. ಅವರಿಗೆ ಸಿಕ್ಕಿದ್ದು ಸಾಲಾಗಿ ಕಟ್ಟಿದ ಲೈನ್ ಮನೆಗಳು. ತಮ್ಮೆಲ್ಲರ ಬೆರಳಚ್ಚು ತೆಗೆದುಕೊಳ್ಳಬೇಕೆಂದಾಗ 1930ರಲ್ಲಿ ಅವರು ದೊಡ್ಡ ಮುಷ್ಕರ ಮಾಡಿದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳವಾಯಿತು. ಅಷ್ಟು ಆಳದಲ್ಲಿ ಒತ್ತಡದಿಂದ ಬಂಡೆಗಳು ಸಿಡಿಯುತ್ತಿದ್ದವು.

ಮರುದಿನ ಸಮುದ್ರದ ಪಕ್ಕದ ಗೀವರ್ ಗಣಿಗೆ ಹೋದೆವು. ಅದು 1990ರಲ್ಲಿ ಮುಚ್ಚಿತು, ಈಗ ವಸ್ತುಸಂಗ್ರಹಾಲಯ. ಗಣಿಗಾರರು ಬಟ್ಟೆ ಬದಲಿಸುತ್ತಿದ್ದ ಕೋಣೆಯನ್ನು ಹಾಗೆಯೇ ಉಳಿಸಿದ್ದಾರೆ. ನಮಗೆ ಎಲ್ಲವನ್ನೂ ತೋರಿಸಿದವರು ಅಲ್ಲೇ ಕೆಲಸ ಮಾಡಿದ್ದ ಒಬ್ಬ ಅಜ್ಜ. ನನ್ನ ತಾತ ಕೋಲಾರದವರು ಎಂದಾಗ ಅವರು ಟೋಪಿ ತೆಗೆದು, ನಮ್ಮ ಮನೆಯವರಿಗೆಲ್ಲ ಕೈ ಕುಲುಕಿದರು.

ಆ ರಾತ್ರಿ ತಾತನಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಒಂದು ದಿನ ಕೆಳಗೆ ಬಂಡೆ ಸಿಡಿದಿದ್ದನ್ನು ಹೇಳಿದರು. "ಬೆಳಿಗ್ಗೆ ಇಳಿಸಿದಷ್ಟು ಜನರನ್ನ ಅವತ್ತು ನಾನು ಮೇಲಕ್ಕೆ ತರಲಿಲ್ಲ" ಅಂದರು. ಅಮ್ಮನಿಗೂ ಈ ವಿಷಯ ಗೊತ್ತಿರಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಯಾರೂ ಕೇಳ್ಲಿಲ್ಲವಲ್ಲಮ್ಮ" ಅಂದರು.

ಕೆ.ಜಿ.ಎಫ್. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಈಗ ಅಲ್ಲಿ ಉಳಿದಿರುವುದು ತುಕ್ಕು ಹಿಡಿದ ಶಾಫ್ಟ್‌ಗಳು ಮತ್ತು ಸೈನೈಡ್ ಗುಡ್ಡಗಳು. ಲೈನ್ ಮನೆಗಳ ಮಕ್ಕಳು, ಮೊಮ್ಮಕ್ಕಳು ದಿನಾ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಕಾರ್ನ್‌ವಾಲ್‌ನವರು ಹಡಗು ಹತ್ತಿದರು, ಇವರು ರೈಲು ಹತ್ತುತ್ತಾರೆ. ನಮ್ಮ ಅಮ್ಮ ವಿಮಾನ ಹತ್ತಿದರು. ಗೀವರ್‌ನಂಥ ವಸ್ತುಸಂಗ್ರಹಾಲಯ ಅಲ್ಲೂ ಆಗಬೇಕು ಎಂಬುದು ನನ್ನ ಆಸೆ. ಅದು ಕೆಲಸ ಮಾಡಿದವರೇ ನಿಂತು ಕಥೆ ಹೇಳುವಂಥದ್ದಾಗಿರಬೇಕು. ಆದರೆ ಅವರಿಗೆಲ್ಲ ವಯಸ್ಸಾಗುತ್ತಿದೆ.

ಅದಕ್ಕೆ ನಾನು ಪ್ರತಿ ಭಾನುವಾರ ಕನ್ನಡ ತರಗತಿ ಮುಗಿದ ಮೇಲೆ ತಾತನಿಗೆ ಫೋನ್ ಮಾಡಿ, ಅವರ ಮಾತನ್ನು ರೆಕಾರ್ಡ್ ಮಾಡಿ, ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಕಾಗುಣಿತ ತಪ್ಪಾದಾಗ ಟೀಚರ್ ತಿದ್ದುತ್ತಾರೆ. ಇದುವರೆಗೆ ಹದಿನಾಲ್ಕು ಪುಟ ಆಗಿದೆ. ಅವತ್ತು ಮೇಲೆ ಬಾರದವರ ಹೆಸರುಗಳು ತಾತನಿಗೆ ಇನ್ನೂ ನೆನಪಿವೆ. ಮೊದಲನೆಯ ಪುಟದಲ್ಲಿ ಅವನ್ನೇ ಬರೆದಿದ್ದೇನೆ.