ನಾವು ಕಂಡ ಮೂವರು ಬೇತಾಳರು

ಸಾಂಖಳಿಗೆ ಸಮೀಪದ ಆಮೋಣೆಯಲ್ಲಿ ಬೇತಾಳನ ದೇವಸ್ಥಾನವಿದೆ. ಗೋವೆಯ ದಕ್ಷಿಣ ತುದಿಯ ಲೋಲಿಯೆಯಲ್ಲಿ ಅದೇ ದೇವರ ಪ್ರಾಚೀನ ಶಿಲಾಮೂರ್ತಿ ನಿಂತಿದೆ. ಚೋರ್ಲಾ ಘಾಟಿಯನ್ನಿಳಿದು ಈ ಸೀಮೆಗೆ ಬಂದು ನೆಲೆಸಿದ ನಮ್ಮವರಿಗೆ ಇದು ಮೊದಮೊದಲು ಅಚ್ಚರಿಯ ಸಂಗತಿಯೇ ಆಗಿತ್ತು. ನಾವು ಬಾಲ್ಯದಿಂದ ಬಲ್ಲ ಬೇತಾಳನು ಶ್ಮಶಾನದ ಮರಕ್ಕೆ ಜೋತುಬಿದ್ದವನು. ಇಲ್ಲಿಯವನು ಊರನ್ನು ಕಾಯುವ ಗ್ರಾಮದೇವತೆ. ರಾತ್ರಿಯೆಲ್ಲ ಊರ ಸುತ್ತ ನಡೆದು ಅವನ ಪಾದರಕ್ಷೆ ಸವೆಯುತ್ತದೆಂಬ ನಂಬಿಕೆಯಿಂದ ಭಕ್ತರು ಅವನಿಗೆ ಚಪ್ಪಲಿಗಳನ್ನು ಹರಕೆಯಾಗಿ ಒಪ್ಪಿಸುವ ವಾಡಿಕೆ ಕೊಂಕಣ ಸೀಮೆಯಲ್ಲಿ ಉಂಟು. ಇವರಿಬ್ಬರಲ್ಲದೆ ಮೂರನೆಯ ಬೇತಾಳನೊಬ್ಬನೂ ಇದ್ದನು. ಅವನು ಮುಖವಾಡ ಧರಿಸಿ, ಬಿಳಿಯ ಕುದುರೆಯನ್ನೇರಿ, ಸೊಂಟದಲ್ಲಿ ಎರಡು ಪಿಸ್ತೂಲು ಕಟ್ಟಿಕೊಂಡು ಬಂದವನು. ಈ ಮೂವರ ಕಥೆಯಲ್ಲಿ ನಮ್ಮ ಓದಿನ ಇತಿಹಾಸವೂ ಅಡಗಿದೆ.

ಮೊದಲನೆಯವನ ಮನೆತನ ಬಹು ಹಳೆಯದು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಬೇತಾಳನ ಇಪ್ಪತ್ತೈದು ಕಥೆಗಳಿವೆ. ಭಿಕ್ಷುವೊಬ್ಬನ ಕೋರಿಕೆಯಂತೆ ಅರಸನು ಶವವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಾನೆ. ಶವದೊಳಗಿನ ಬೇತಾಳನು ಕಥೆ ಹೇಳಿ, ಕೊನೆಗೆ ಪ್ರಶ್ನೆ ಕೇಳುತ್ತಾನೆ. ಉತ್ತರ ತಿಳಿದೂ ಸುಮ್ಮನಿದ್ದರೆ ಅರಸನ ತಲೆ ಸಿಡಿಯುವುದು. ಮಾತನಾಡಿದರೆ ಶವ ಮರಳಿ ಮರವನ್ನೇರುವುದು. ಕಟ್ಟಕಡೆಯ ಪ್ರಶ್ನೆಗೆ ಅರಸನಿಗೆ ನಿಜವಾಗಿಯೂ ಉತ್ತರ ಹೊಳೆಯುವುದಿಲ್ಲ. ಆಗಲೇ ಬೇತಾಳನು ಒಲಿದು, ಭಿಕ್ಷುವು ಅರಸನನ್ನೇ ಬಲಿಗೊಡಲು ಹೊಂಚುಹಾಕಿದ್ದಾನೆಂಬ ಗುಟ್ಟನ್ನು ಬಿಚ್ಚುತ್ತಾನೆ.

ಈ ಬೇತಾಳನನ್ನು ನಮ್ಮ ಮನೆಗಳಿಗೆ ಕರೆತಂದದ್ದು 'ಚಂದಮಾಮ'. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದ್ರಾಸಿನಲ್ಲಿ 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂದಿತು. ಖಡ್ಗ ಹಿಡಿದ ಅರಸ, ಹೆಗಲ ಮೇಲೆ ಶವ: ಕಲಾವಿದ ಶಂಕರ್ ಅವರ ಆ ಚಿತ್ರವನ್ನು ಕಂಡವರಾರೂ ಮರೆಯಲಾರರು. ಮೂಲದ ಇಪ್ಪತ್ತೈದು ಕಥೆಗಳು ಮುಗಿದ ಮೇಲೂ ಪತ್ರಿಕೆ ಬೇತಾಳನನ್ನು ಬಿಡಲಿಲ್ಲ. ಬೇರೆ ಬೇರೆ ಕಥೆಗಳನ್ನು ಅದೇ ಚೌಕಟ್ಟಿಗೆ ಹೊಂದಿಸುತ್ತ ದಶಕಗಳ ಕಾಲ ನಡೆಸಿತು. ಹೀಗಾಗಿ ಭಿಕ್ಷುವಿನ ಗುಟ್ಟು ಬಯಲಾಗುವ ಆ ಕಡೆಯ ರಾತ್ರಿ ಮುಂದೆ ಮುಂದೆ ಸರಿಯುತ್ತಲೇ ಹೋಯಿತು. ಅದೇ ಪತ್ರಿಕೆಯ ಮಾಂತ್ರಿಕ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಅವುಗಳೊಡನೆ ಲೇಖಕರ ಹೆಸರು ಅಚ್ಚಾಗುತ್ತಿರಲಿಲ್ಲವಾದ್ದರಿಂದ, ಬರೆದವರಾರೆಂಬುದೇ ಓದುಗರ ಪಾಲಿಗೆ ಇನ್ನೊಂದು ರಹಸ್ಯವಾಗಿ ಉಳಿದಿತ್ತು.

ಮೂರನೆಯವನು ಅಮೆರಿಕದಿಂದ ಬಂದನು. ಲೀ ಫಾಕ್ ಅವರ 'ಫ್ಯಾಂಟಮ್' ಚಿತ್ರಕಥೆ 1936ರ ಫೆಬ್ರವರಿ 17ರಂದು ಅಲ್ಲಿಯ ದಿನಪತ್ರಿಕೆಗಳಲ್ಲಿ ಮೊದಲಾಯಿತು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರ ಮಾರ್ಚಿಯಲ್ಲಿ 'ಇಂದ್ರಜಾಲ ಕಾಮಿಕ್ಸ್' ಆರಂಭಿಸಿದಾಗ ಮೊದಲ ಸಂಚಿಕೆಯ ನಾಯಕ ಇವನೇ. ಹಿಂದಿ ಮತ್ತು ಮರಾಠಿ ಆವೃತ್ತಿಗಳು ಅವನಿಗೆ ಇಟ್ಟ ಹೆಸರು 'ವೇತಾಳ'! ಕಥೆ ನಡೆಯುವ ಬಂಗಾಲಾ ಎಂಬ ಕಲ್ಪಿತ ನಾಡು ಭಾರತದ ಆವೃತ್ತಿಗಳಲ್ಲಿ 'ಡೆಂಕಾಲಿ' ಎಂದಾಯಿತು. ಕಾಡಿನ ಜನರ ದೃಷ್ಟಿಯಲ್ಲಿ ಅವನು ಸಾವಿಲ್ಲದವನು. ನಿಜವಾಗಿ, ತಂದೆ ತೀರಿದೊಡನೆ ಮಗನು ಅದೇ ಮುಖವಾಡ ಧರಿಸುತ್ತಾನೆ. ನಾವು ಓದುತ್ತಿದ್ದುದು ಇಪ್ಪತ್ತೊಂದನೆಯ ತಲೆಮಾರಿನವನ ಕಥೆ. ಕಾಡಿಗೆ ತಿಳಿಯದ ಗುಟ್ಟು ಓದುಗ ಬಾಲಕನಿಗೆ ತಿಳಿದಿರುತ್ತಿತ್ತು ಎಂಬುದೇ ಅದರ ಸೊಗಸು. ಹೆಸರಿಟ್ಟವರು ಗೋವೆಯ ದೇವರನ್ನು ನೆನೆದಿದ್ದರೋ ಇಲ್ಲವೋ, ರಾತ್ರಿ ಸಂಚರಿಸಿ ಜನರನ್ನು ಕಾಯುವ ಈ ವೀರನು ಚಂದಮಾಮದ ಬೇತಾಳನಿಗಿಂತ ಆಮೋಣೆಯವನಿಗೇ ಹತ್ತಿರದವನು.

ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿಯೂ ಬಂದಿತು. ಅದರ ಆರಂಭಕಾಲದಲ್ಲಿ ಆ ಸಂಸ್ಥೆಯಲ್ಲಿ ದುಡಿದವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಮುಂದೆ ಅವರ ಹೆಸರಿನೊಡನೆ ಬೆಸೆದುಕೊಂಡ 'ಅಮರ ಚಿತ್ರ ಕಥೆ'ಯ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಥೆಗಳು, ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅವು 1965ರಲ್ಲಿ ಬೆಂಗಳೂರಿನಲ್ಲಿ ಹೊರಬಂದದ್ದು ಕನ್ನಡದಲ್ಲಿ. ದೇಶವೆಲ್ಲ ಓದಿದ ಮಾಲೆಯೊಂದು ನಮ್ಮ ಭಾಷೆಯಲ್ಲಿ ಮೊದಲ ಹೆಜ್ಜೆಯಿಟ್ಟಿತೆಂಬುದನ್ನು ನಮ್ಮ ಮಕ್ಕಳು ಅರಿತಿರಬೇಕು.

ಈ ಪತ್ರಿಕೆಗಳು ನಮಗೆ ಕಲಿಸಿದ್ದು ಕಾಯುವುದನ್ನು. ಮುಂದೇನಾಯಿತೆಂದು ತಿಳಿಯಲು ಒಂದು ತಿಂಗಳು ತಾಳಬೇಕಿತ್ತು. ಆ ತಿಂಗಳೊಳಗೆ ಹಳೆಯ ಸಂಚಿಕೆಯನ್ನೇ ಹತ್ತು ಸಲ ಓದುತ್ತಿದ್ದೆವು. ಒತ್ತಕ್ಷರಗಳು ನಾಲಗೆಗೆ ಪಳಗಿದ್ದು ಹೀಗೆ. ಯಾವ ಗುರುಗಳ ಗದರಿಕೆಯಿಂದಲೂ ಅಲ್ಲ. ಇಂದ್ರಜಾಲ 1990ರಲ್ಲಿ ನಿಂತಿತು. ಚಂದಮಾಮವೂ ಕಳೆದ ದಶಕದಲ್ಲಿ ಕಣ್ಮರೆಯಾಯಿತು. ಇಂದು ಸಾಂಖಳಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ, ಕೊಂಕಣಿ, ಇಂಗ್ಲಿಷುಗಳನ್ನು ಓದುತ್ತಾರೆ. ಅದು ಸಂತೋಷದ ಮಾತೇ. ಆದರೆ ಮನೆಯಲ್ಲಿ ಕನ್ನಡವಾಡುವ ಅನೇಕ ಮಕ್ಕಳಿಗೆ ಈ ಸಂಚಿಕೆಯ ಪುಟಗಳನ್ನು ಓದಲು ಬಾರದು. ಇದಕ್ಕೆ ಅವರನ್ನು ದೂರಿ ಫಲವಿಲ್ಲ. ಅವರನ್ನು ಅಕ್ಷರಗಳತ್ತ ಸೆಳೆಯುವ ಗುಟ್ಟೊಂದನ್ನು ನಾವು ಅವರ ಮುಂದೆ ಇಡಲಿಲ್ಲ.

ಹಳೆಯ ಸಂಚಿಕೆಗಳನ್ನು ಹೊಲಿಸಿ ಕಾಪಾಡಿದ ಮನೆಗಳು ನಮ್ಮಲ್ಲಿ ಇನ್ನೂ ಇದ್ದಾವು. ಅವನ್ನು ಸಂಘದ ಕೂಟಗಳಿಗೆ ತರೋಣ. ಒಂದು ಕಥೆಯನ್ನು ಗಟ್ಟಿಯಾಗಿ ಓದಿ, ಬೇತಾಳನ ಪ್ರಶ್ನೆಗೆ ನಿಲ್ಲಿಸೋಣ. ಉತ್ತರವನ್ನು ಮಕ್ಕಳೇ ಮುಂದಿನ ಕೂಟದೊಳಗೆ ಓದಿ ಹೇಳಲಿ. ತಿಳಿಯದವನ ಮೌನವನ್ನು ಬೇತಾಳನು ಕ್ಷಮಿಸಿದನು. ತಿಳಿದವನ ಮೌನಕ್ಕೆ ಅವನಲ್ಲಿ ಕ್ಷಮೆಯಿಲ್ಲ. ಕನ್ನಡ ಬಲ್ಲ ಹಿರಿಯರಾದ ನಾವು ಎರಡನೆಯ ಸಾಲಿನಲ್ಲಿದ್ದೇವೆ.