ಒತ್ತುಶಾವಿಗೆ ಒರಳು ಮತ್ತು ಮೂರು ಜನರ ಅಡುಗೆ

ಬೆಳಿಗ್ಗೆ ಎಲ್ಲಾ ತುಂಬಿಸಿ ಸ್ಲೋ ಕುಕ್ಕರ್‌ನ ಸ್ವಿಚ್ ಹಾಕಿ ಆಫೀಸಿಗೆ ಹೋಗೋದು, ಸಂಜೆ ಬಂದು ಪಾಸ್ತಾ ಸುರಿದು ಅರ್ಧ ಗಂಟೆ ಬಿಟ್ಟು ಮನೆಮಂದಿಗೆಲ್ಲ ಬಡಿಸೋದು. ಅಮೆರಿಕದಲ್ಲಿರೋ ನನ್ನ ಗೆಳೆಯರ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ನಡೆಯೋ ಅಡುಗೆ ಇದು. ಇದರ ಬಗ್ಗೆ ಅವರು ಹೇಳುವಾಗಲೆಲ್ಲ ನನಗೆ ನೆನಪಾಗೋದು ನಮ್ಮ ಹಾಸನದ ಕಡೆಯ ಒತ್ತುಶಾವಿಗೆ. ಅದೂ ಹಿಟ್ಟಿನ ಎಳೆ, ಇದೂ ಹಿಟ್ಟಿನ ಎಳೆ. ಎರಡೂ ಹೊಟ್ಟೆ ತುಂಬಾ ಉಣ್ಣೋ ಊಟವೇ, ಚೂರು ರುಚಿ ನೋಡಿ ಏಳೋ ತಿಂಡಿ ಅಲ್ಲ. ಆದರೆ ಸ್ಲೋ ಕುಕ್ಕರ್ ಪಾಸ್ತಾ ಒಬ್ಬರೇ ಮಾಡಬಹುದು, ಹಳೇ ಒರಳಿನಲ್ಲಿ ಒತ್ತುಶಾವಿಗೆ ಒಬ್ಬರೇ ಮಾಡೋಕಾಗಲ್ಲ. ಯಾಕಾಗಲ್ಲ ಅಂತ ಹುಡುಕುತ್ತಾ ಹೋದರೆ ಸ್ವಲ್ಪ ರಸಾಯನಶಾಸ್ತ್ರ, ಸ್ವಲ್ಪ ಚರಿತ್ರೆ, ಒಂದಿಷ್ಟು ನಮ್ಮ ಮನೆಗಳ ಕಥೆ ಸಿಗುತ್ತೆ. ಅದನ್ನೇ ಇಲ್ಲಿ ಬರೆಯೋಣ ಅಂತ.

ಮೊದಲು ಊರುಗಳ ವಿಷಯ. ನಾವಿರೋದು ಹಾಸನದಲ್ಲಿ. ಅಮ್ಮನ ತವರು ಹೊಳೆನರಸೀಪುರದ ಹತ್ತಿರ, ದೊಡ್ಡಮ್ಮನನ್ನು ಕೊಟ್ಟಿರೋದು ಅರಕಲಗೂಡಿಗೆ, ಅಪ್ಪನ ಕಡೆಯವರೆಲ್ಲ ಚನ್ನರಾಯಪಟ್ಟಣದ ಸುತ್ತಮುತ್ತ. ಹೀಗಾಗಿ ಒಂದೇ ಜಿಲ್ಲೆಯಲ್ಲಿ ನಾಲ್ಕು ಥರದ ಶಾವಿಗೆ ತಿಂದು ಬೆಳೆದವನು ನಾನು. ಹೇಮಾವತಿ ದಂಡೆಯ ಹೊಳೆನರಸೀಪುರದಲ್ಲೂ, ಕಾವೇರಿ ಹರಿಯೋ ಅರಕಲಗೂಡು ಸೀಮೆಯಲ್ಲೂ ಅಕ್ಕಿ ಶಾವಿಗೆ. ಅದರ ಜೊತೆ ಬೆಲ್ಲ, ಏಲಕ್ಕಿ, ಗಸಗಸೆ ಹಾಕಿದ ಕಾಯಿಹಾಲು. ಮರುದಿನ ಉಳಿದದ್ದಕ್ಕೆ ನಿಂಬೆಹಣ್ಣು ಹಿಂಡಿ ಒಗ್ಗರಣೆ. ಚನ್ನರಾಯಪಟ್ಟಣದ ಕಡೆ ರಾಗಿ ಶಾವಿಗೆ, ಎಳ್ಳು ಬೆಲ್ಲದ ಪುಡಿ, ತೆಂಗಿನಕಾಯಿ ತುರಿ. ಹಾಸನದ ನಮ್ಮ ಮನೆಯಲ್ಲಿ ಯಾರು ಊರಿಂದ ಬಂದಿದ್ದಾರೋ ಅವರ ಶಾವಿಗೆ :) ಬಾಡೂಟದ ಮನೆಗಳಲ್ಲಿ ಇದೇ ಅಕ್ಕಿ ಶಾವಿಗೆಗೆ ನಾಟಿ ಕೋಳಿ ಸಾರು. ತಿಂದವರಿಗೆ ಗೊತ್ತು, ಅದರ ಮುಂದೆ ಯಾವ ಸ್ಪಗೆಟಿಯೂ ನಿಲ್ಲಲ್ಲ.

ಈ ವ್ಯತ್ಯಾಸಕ್ಕೆ ನೀರೇ ಕಾರಣ ಅಂತ ನನ್ನ ಲೆಕ್ಕ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಶ್ರೀರಾಮದೇವರ ಕಟ್ಟೆಯ ನಾಲೆ, ಅರಕಲಗೂಡು ತಾಲ್ಲೂಕಿನಲ್ಲಿ ಕಟ್ಟೇಪುರದ ಕೃಷ್ಣರಾಜ ಕಟ್ಟೆ. ಗೊರೂರಿನಲ್ಲಿ ಹೇಮಾವತಿಗೆ ದೊಡ್ಡ ಅಣೆಕಟ್ಟು ಬಂದಿದ್ದು 1979ರಲ್ಲಿ. ಅದಕ್ಕಿಂತ ಬಹಳ ಮೊದಲೇ ಈ ಕಟ್ಟೆಗಳ ಕೆಳಗೆ ಭತ್ತದ ಗದ್ದೆಗಳಿದ್ದವು. ರಾಜಮುಡಿ ಅಕ್ಕಿಯ ಹೆಸರು ಕೇಳಿರುತ್ತೀರಿ, ಅದರ ಸೀಮೆ ಇದೇ. ಚನ್ನರಾಯಪಟ್ಟಣಕ್ಕೆ ಕೆರೆ, ಮಳೆ, ರಾಗಿ, ತೆಂಗು. ಯಾವ ಹಿಟ್ಟು ಕೈಗೆ ಸಿಗುತ್ತೋ ಅದು ಒರಳಿಗೆ ಬಿತ್ತು, ಅಷ್ಟೆ.

ಈಗ ಆ ರಸಾಯನಶಾಸ್ತ್ರ. ಪಾಸ್ತಾ ಮಾಡೋದು ಗೋಧಿಯಿಂದ. ಗೋಧಿಯಲ್ಲಿ ಗ್ಲುಟೆನ್ ಅನ್ನೋ ಅಂಟು ಇದೆ. ತಣ್ಣೀರು ಹಾಕಿ ನಾದಿದರೆ ಸಾಕು, ಹಿಟ್ಟು ರಬ್ಬರಿನ ಹಾಗೆ ಹಿಡಿದುಕೊಳ್ಳುತ್ತೆ. ಲಟ್ಟಿಸಿ, ಎಳೆದು, ಹೊಸೆದು, ಒಣಗಿಸಿ ಡಬ್ಬಕ್ಕೆ ತುಂಬಿಸಿ ಇಟ್ಟುಕೊಳ್ಳಬಹುದು. ನಮ್ಮ ಉತ್ತರ ಕರ್ನಾಟಕದವರು ಬೇಸಿಗೆಯಲ್ಲಿ ಗೋಧಿ ಶಾವಿಗೆ ಹೊಸೆದು ಕೋಲಿನ ಮೇಲೆ ಒಣಹಾಕೋದು ಇದನ್ನೇ. ಅವರ ಗವಲಿ, ಸೌತೆಬೀಜ ಎಲ್ಲಾ ನೋಡಿದರೆ ಇಟಲಿಯವರ ಪುಟಾಣಿ ಪಾಸ್ತಾಗಳ ಖಾಸಾ ದಾಯಾದಿಗಳು. ಆದರೆ ಅಕ್ಕಿಗೆ, ರಾಗಿಗೆ ಗ್ಲುಟೆನ್ ಇಲ್ಲ. ಹಸಿ ಅಕ್ಕಿಹಿಟ್ಟನ್ನು ಎಳೆದರೆ ಪುಡಿಯಾಗುತ್ತೆ. ಹಾಗಾಗಿ ಮೊದಲೇ ಬೇಯಿಸಬೇಕು. ಎಪ್ಪತ್ತು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತೆ. ಇಲ್ಲಿ ಗ್ಲುಟೆನ್‌ನ ಕೆಲಸ ಮಾಡೋದು ಈ ಅಂಟೇ. ಆದರೆ ಆರಿತೋ, ಅದೇ ಪಿಷ್ಟ ಬಿಗಿದು ಗಟ್ಟಿಯಾಗುತ್ತೆ. ತಂಗಳು ಮುದ್ದೆ ಮುರಿದು ನೋಡಿದವರಿಗೆ ಬೇರೆ ವಿವರಣೆ ಬೇಡ. ಅಂದರೆ ಬೆಂದ ಹಿಟ್ಟನ್ನು ಬಿಸಿಬಿಸಿ ಇರುವಾಗಲೇ, ಕೆಲವೇ ನಿಮಿಷದಲ್ಲಿ, ಸಣ್ಣ ತೂತುಗಳಿಂದ ಜೋರಾಗಿ ಒತ್ತಿ ತೆಗೆಯಬೇಕು.

ಅಲ್ಲಿಗೆ ಮೂರು ಜನ ಬೇಕಾದರು. ಕುದಿಯೋ ನೀರಿಗೆ ಹಿಟ್ಟು ಹಾಕಿ ತೊಳಸಿ, ನಾದಿ, ಮುದ್ದೆ ಕಟ್ಟಿ, ಆ ಮುದ್ದೆಗಳನ್ನು ಮತ್ತೆ ಕುದಿಯೋ ನೀರಿನಲ್ಲಿ ಬೇಯಿಸುತ್ತಾ ಒಲೆ ಮುಂದೆ ಒಬ್ಬರು. ಒರಳಿನ ಸನ್ನೆ ಒತ್ತೋಕೆ ಒಬ್ಬರು. ಬುಡದಲ್ಲಿ ಇಳಿಯೋ ಎಳೆಗಳನ್ನು ಎಣ್ಣೆ ಸವರಿದ ತಟ್ಟೆಗೆ ಸುತ್ತಿ ಸುತ್ತಿ ಹಿಡಿಯೋಕೆ ಇನ್ನೊಬ್ಬರು. ಒಬ್ಬರು ತಡ ಮಾಡಿದರೆ ಉಳಿದಿಬ್ಬರ ಕೆಲಸ ಕೆಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಸಿಂಗಲ್ ಥ್ರೆಡ್‌ನಲ್ಲಿ ಓಡೋ ಪ್ರೋಗ್ರಾಂ ಅಲ್ಲ!

ಒತ್ತೋದು ಎಷ್ಟು ಜೋರು ಅಂತೀರಾ? ದೊಡ್ಡಮ್ಮನ ಮನೆಯ ಮರದ ಒರಳನ್ನು ಟೇಪು ಹಿಡಿದು ಅಳೆದಿದ್ದೇನೆ. ಸನ್ನೆಯ ಉದ್ದ ನಾಲ್ಕು ಅಡಿ. ಹಿಟ್ಟು ತುಂಬೋ ಹಿತ್ತಾಳೆ ಕೊಳವೆ ಇರೋದು ಕೀಲಿನಿಂದ ಎಂಟು ಅಂಗುಲಕ್ಕೆ. ಅಂದರೆ ಆರು ಪಟ್ಟು ಲಾಭ. ಅರವತ್ತು ಕೆಜಿಯ ಮನುಷ್ಯ ಸನ್ನೆಯ ತುದಿಗೆ ಪೂರ್ತಿ ಭಾರ ಬಿಟ್ಟರೆ ಹಿಟ್ಟಿನ ಮೇಲೆ 360 ಕೆಜಿ ಬೀಳುತ್ತೆ. ಕೊಳವೆಯ ಬಾಯಿ ಮೂರು ಅಂಗುಲ, ಹಾಗಾಗಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎಂಟು ಕೆಜಿ ಒತ್ತಡ. ಕಾರಿನ ಟೈರಿನಲ್ಲಿ ಇರೋದು ಎರಡು ಚಿಲ್ಲರೆ. ಇದಕ್ಕೇ ಮೈಭಾರ ಇರೋರನ್ನು ಕರೆಯುತ್ತಿದ್ದಿದ್ದು. ವರ್ಷವಿಡೀ ಅಡುಗೆಮನೆ ಹೊಸಿಲು ದಾಟದ ನಮ್ಮ ದೊಡ್ಡಪ್ಪ, ಚಿಕ್ಕಪ್ಪಂದಿರು ಕೂಡ ಶಾವಿಗೆ ದಿನ ಪಂಚೆ ಎತ್ತಿ ಕಟ್ಟಿ ಸನ್ನೆ ಹಿಡಿಯೋರು. ಹಾಗಂತ ಇದನ್ನು ಸಮಾನತೆ ಗಿಮಾನತೆ ಅಂತ ಹೊಗಳೋಕೆ ಹೋಗಲ್ಲ. ಹತ್ತು ಸಲ ಒತ್ತಿ, 'ಏನ್ ಕಷ್ಟಪಟ್ಟೆ ನೋಡು' ಅಂತ ಜಗಲಿಗೆ ಹೋಗಿ ಕೂರೋರು ಅವರು. ಹಿಂದಿನ ದಿನ ಅಕ್ಕಿ ನೆನೆಹಾಕಿದ್ದು, ಒಣಗಿಸಿ ಹಿಟ್ಟು ಮಾಡಿಸಿದ್ದು, ಕೊನೆಗೆ ಆ ಒರಳಿನ ಒಂದೊಂದು ತೂತನ್ನೂ ಕಡ್ಡಿ ಹಾಕಿ ತೊಳೆದಿದ್ದು ಎಲ್ಲಾ ಹೆಂಗಸರೇ.

ಇದೇ ಸಮಸ್ಯೆ ಬಂದ ಕಡೆಯೆಲ್ಲ ಜನ ಇದೇ ಥರದ ಯಂತ್ರ ಮಾಡಿಕೊಂಡಿದ್ದಾರೆ ಅನ್ನೋದು ನನಗೆ ಬಹಳ ಖುಷಿ ಕೊಟ್ಟ ವಿಷಯ. 2005ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಚೀನಾದ ಲಾಜಿಯಾ ಎಂಬಲ್ಲಿ ಬೋರಲು ಬಿದ್ದ ಒಂದು ಮಣ್ಣಿನ ಬಟ್ಟಲಿನ ಕೆಳಗೆ ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಶಾವಿಗೆ ಸಿಕ್ಕಿತ್ತು. ಅದು ಗೋಧಿಯದಲ್ಲ, ನವಣೆ ಮತ್ತು ಬರಗಿನದು! ಗ್ಲುಟೆನ್ ಇಲ್ಲದ ನವಣೆಯನ್ನು ಅಷ್ಟುದ್ದ ಎಳೆಯೋದು ಹೇಗೆ ಸಾಧ್ಯ ಅಂತ ವಾದ ಎದ್ದಿತು. ಆಮೇಲೆ ಸಂಶೋಧಕರು ಮಾಡಿ ನೋಡಿ ಹೇಳಿದ್ದು ಏನು ಗೊತ್ತೇ? ಹಿಟ್ಟನ್ನು ಬಿಸಿಯಲ್ಲಿ ಅಂಟು ಬರಿಸಿ ತೂತುಗಳಿಂದ ಒತ್ತಿ ತೆಗೆದಿರಬೇಕು ಅಂತ. ನಮ್ಮಜ್ಜಿಯನ್ನು ಕೇಳಿದ್ದರೆ ಒಂದೇ ನಿಮಿಷದಲ್ಲಿ ಹೇಳಿರೋರು. ಉತ್ತರ ಚೀನಾದಲ್ಲಿ ಈಗಲೂ ಹೆಲೆ ಅನ್ನೋ ಶಾವಿಗೆ ಇದೆ, ಅದರ ಮರದ ಸನ್ನೆಯ ಒರಳಿಗೂ ನಮ್ಮದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಇಟಲಿಯ ವೆನೆಟೊ ಸೀಮೆಯವರು ಬಿಗೊಲಿ ಎಂಬ ದಪ್ಪ ಪಾಸ್ತಾ ಒತ್ತೋಕೆ ಮರದ ಮಣೆಯ ಮೇಲೆ ಕುದುರೆ ಏರಿದ ಹಾಗೆ ಕೂತು ತಿರುಪು ತಿರುಗಿಸುತ್ತಾರೆ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಕೂಡ ಯೂರೋಪಿನಲ್ಲಿದ್ದಾಗ, 1787ರ ಸುಮಾರಿಗೆ, ಮ್ಯಾಕರೋನಿ ಒತ್ತೋ ಯಂತ್ರದ ನಕ್ಷೆ ಬರೆದುಕೊಂಡಿದ್ದ. ಆ ನಕ್ಷೆ ಈಗಲೂ ಇದೆ. ನಮ್ಮ ಕಮ್ಮಾರನಿಗೆ ತೋರಿಸಿದರೆ 'ಇದು ಶಾವಿಗೆ ಒರಳಲ್ವಾ ಸಾರ್' ಅಂದಾನು.

ಅಂದ ಹಾಗೆ, ಮಾರ್ಕೊ ಪೋಲೊ ಚೀನಾದಿಂದ ಇಟಲಿಗೆ ಪಾಸ್ತಾ ತಂದ ಅನ್ನೋ ಕಥೆಯನ್ನು ನಂಬಬೇಡಿ. ಅವನು ವಾಪಸ್ ಬಂದಿದ್ದು 1295ರಲ್ಲಿ. 1279ರಲ್ಲೇ ಜಿನೋವಾದ ಒಬ್ಬನ ಆಸ್ತಿಪಟ್ಟಿಯಲ್ಲಿ ಒಂದು ಬುಟ್ಟಿ ಮ್ಯಾಕರೋನಿ ಇದೆ. ಅದಕ್ಕೂ ಮೊದಲು, 1154ರಲ್ಲಿ, ಅಲ್ ಇದ್ರಿಸಿ ಎಂಬ ಅರಬ್ ಭೂಗೋಳಕಾರ ಸಿಸಿಲಿಯ ಟ್ರಾಬಿಯಾದಲ್ಲಿ ಇತ್ರಿಯಾ ಎಂಬ ಒಣ ಶಾವಿಗೆ ತಯಾರಾಗಿ ಹಡಗಿನಲ್ಲಿ ಹೊರದೇಶಕ್ಕೆ ಹೋಗುತ್ತಿದ್ದುದನ್ನು ಬರೆದಿದ್ದಾನೆ. ಹಡಗಿಗೆ ಏರಿದ್ದರಿಂದ ಅದು ಲೆಕ್ಕಪತ್ರಕ್ಕೂ ಏರಿತು. ನಮ್ಮ ಅಕ್ಕಿ ಶಾವಿಗೆ ಒತ್ತಿದ ದಿನವೇ ತಿಂದು ಮುಗಿಯೋ ಅಡುಗೆ. ಅದನ್ನು ಹಡಗಿಗೆ ಹಾಕೋರು ಯಾರು, ಲೆಕ್ಕ ಬರೆಯೋರು ಯಾರು?

ಬರೆದಿಡೋರು ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಅಡುಗೆಯ ಬಗ್ಗೆ ಬರೆಯೋದರಲ್ಲಿ ಕನ್ನಡ ಹಿಂದೆ ಬಿದ್ದ ಭಾಷೆಯೇ ಅಲ್ಲ. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಬಾವಿ ತೋಡೋದು, ಮರ ಬೆಳೆಸೋದರ ಜೊತೆಗೆ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯ ಇದೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಇಡ್ಡರಿಕ, ಧೋಸಕಗಳ ವಿವರ ಕೊಡುತ್ತಾನೆ. ಇನ್ನು ಮೂರನೇ ಮಂಗರಸ ನಮಗೆ ಹತ್ತಿರದವನು. ಅರಕಲಗೂಡಿನಿಂದ ದಕ್ಷಿಣಕ್ಕೆ ಕಾವೇರಿ ದಾಟಿದರೆ ಪಿರಿಯಾಪಟ್ಟಣ, ಹುಣಸೂರು ಸೀಮೆ, ಅಲ್ಲಿನ ಕಲ್ಲಹಳ್ಳಿಯವನು. ಹದಿನಾರನೇ ಶತಮಾನದ ಆರಂಭದಲ್ಲಿ ಅವನು ಬರೆದ 'ಸೂಪಶಾಸ್ತ್ರ' ವಾರ್ಧಕ ಷಟ್ಪದಿಯಲ್ಲಿದೆ, ಮೊದಲ ಅಧ್ಯಾಯವೇ ಪಿಷ್ಟಪಾಕ, ಅಂದರೆ ಹಿಟ್ಟಿನ ಅಡುಗೆ. ರೆಸಿಪಿಯನ್ನು ಷಟ್ಪದಿಯಲ್ಲಿ ಬರೆಯೋ ಧೈರ್ಯ ನಮ್ಮಲ್ಲಿ ಯಾರಿಗಿದೆ ಹೇಳಿ! ಅದೇ ಶತಮಾನದ ವೈದ್ಯ ಭಾವಮಿಶ್ರ 'ಭಾವಪ್ರಕಾಶ'ದಲ್ಲಿ ಸೇವಿಕಾ ಎಂಬ ಗೋಧಿಯ ಎಳೆಯನ್ನು ಹಾಲು, ತುಪ್ಪ, ಸಕ್ಕರೆಯಲ್ಲಿ ಬೇಯಿಸೋದು ಹೇಳುತ್ತಾನೆ. ನಮ್ಮ ಶಾವಿಗೆ, ತಮಿಳರ ಸೇವೈ, ಹಿಂದಿಯ ಸೇವಯಿ ಎಲ್ಲಾ ಒಂದೇ ಬಳಗದ ಹೆಸರುಗಳು.

ಆದರೆ ಇವರಲ್ಲಿ ಹೆಚ್ಚಿನವರು ಬರೆದಿದ್ದು ಅರಮನೆಗೆ, ಅನುಕೂಲಸ್ಥರಿಗೆ, ಇಲ್ಲಾ ವೈದ್ಯರಿಗೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯ ಶಾಸನಗಳು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳಿಗೆ 1889ರಲ್ಲೇ ಬೇರೆ ಸಂಪುಟ ಬಂದಿತ್ತು. ದೇವರ ಅಮೃತಪಡಿಗೆ ಇಷ್ಟು ಗದ್ದೆ, ನಂದಾದೀವಿಗೆಗೆ ಇಷ್ಟು ಎಣ್ಣೆ ಅಂತ ಕಲ್ಲಿನಲ್ಲಿ ಅಳೆದು ಕೆತ್ತಿಸಿದ ಸೀಮೆ ನಮ್ಮದು. ಆ ಗದ್ದೆಯ ಅಕ್ಕಿ ಮನೆಗೆ ಬಂದು ಏನಾಯಿತು ಅನ್ನೋದು ಕಲ್ಲಿಗೆ ಬೇಕಿರಲಿಲ್ಲ. ಅದು ಇರೋದು ಒರಳಿನಲ್ಲಿ, ಒತ್ತಿದವರ ಕೈಯಲ್ಲಿ.

ಇನ್ನು ಸ್ಲೋ ಕುಕ್ಕರ್. ಅದರ ಮೂಲವೂ ಒಬ್ಬ ಅಜ್ಜಿಯ ಅಡುಗೆ ಅನ್ನೋದು ಮಜಾ. ಇರ್ವಿಂಗ್ ನ್ಯಾಕ್ಸನ್ ಅನ್ನೋ ಅಮೆರಿಕದ ಇಂಜಿನಿಯರ್ 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1940ರಲ್ಲಿ ಸಿಕ್ಕಿತು. ಲಿಥುವೇನಿಯಾದ ಯಹೂದಿ ಕೇರಿಯಲ್ಲಿ ಅವನ ಅಜ್ಜಿ, ಸಬ್ಬತ್ ದಿನ ಒಲೆ ಹಚ್ಚಬಾರದು ಅಂತ ಶುಕ್ರವಾರ ಸಂಜೆಯೇ ಕಾಳು, ಮಾಂಸದ ಮಡಕೆಯನ್ನು ಬೇಕರಿಯ ಆರುತ್ತಿರೋ ಒಲೆಯಲ್ಲಿ ಇಟ್ಟು ಬರುತ್ತಿದ್ದರಂತೆ. ಆ ಕಥೆಯನ್ನು ಅಮ್ಮನ ಬಾಯಲ್ಲಿ ಕೇಳಿ ಅವನು ಮಾಡಿದ ಪಾತ್ರೆ ಇದು. 1970ರಲ್ಲಿ ರೈವಲ್ ಕಂಪನಿ ಅದನ್ನು ಕೊಂಡು, 1971ರಲ್ಲಿ ಕ್ರಾಕ್ ಪಾಟ್ ಅಂತ ಹೆಸರಿಟ್ಟು ಮಾರಿತು. ಹೆಂಗಸರು ಕೆಲಸಕ್ಕೆ ಹೋಗೋದು ಹೆಚ್ಚಾಗುತ್ತಿದ್ದ ಕಾಲ ಅದು, ಚೆನ್ನಾಗಿಯೇ ಓಡಿತು. ನಮಗೆ ಅಂಥ ಪಾತ್ರೆ ಬೇಕಿರಲಿಲ್ಲ, ಕೋಡೊಲೆ ಇತ್ತು. ದೊಡ್ಡ ಒಲೆಯ ಉರಿಯಲ್ಲಿ ಉಳಿದ ಬಿಸಿ ಪಕ್ಕದ ಒಲೆಗೆ ಹೋಗಿ ಅಲ್ಲಿ ಹುರುಳಿ ಮಡಕೆಯೋ ಹಾಲಿನ ಪಾತ್ರೆಯೋ ತನ್ನ ಪಾಡಿಗೆ ಇರುತ್ತಿತ್ತು. ಶಾವಿಗೆಯ ದಿನ ಕೋಳಿ ಸಾರು ಸಣ್ಣಗೆ ಕುದಿಯುತ್ತಿದ್ದುದೂ ಅಲ್ಲೇ. ನಮ್ಮ ದೇಶಕ್ಕೆ 1959ರಲ್ಲಿ ಬಂದ ಹಾಕಿನ್ಸ್, ಪ್ರೆಸ್ಟೀಜ್ ಕುಕ್ಕರುಗಳು, ಆಮೇಲಿನ ಗ್ಯಾಸು ಎಲ್ಲಾ ಸೇರಿ ಕೋಡೊಲೆಯನ್ನು ಮುಗಿಸಿದವು. ನಾವು ನಿಧಾನದಿಂದ ಸೀಟಿಗೆ ಬಂದೆವು, ಅವರು ಅದೇ ಹೊತ್ತಿಗೆ ನಿಧಾನಕ್ಕೆ ವಾಪಸ್ ಹೋದರು.

ಒರಳೂ ಬದಲಾಯಿತು. ಮರದ ಸನ್ನೆ ಹೋಗಿ ಮೂರು ಕಾಲಿನ ಕಬ್ಬಿಣದ ತಿರುಪಿನ ಒರಳು ಬಂತು. ಅದನ್ನು ತಿರುಗಿಸೋಕೆ ಮೈಭಾರ ಬೇಕಿಲ್ಲ, ಹಾಗಾಗಿ ದೊಡ್ಡಪ್ಪನೂ ಬೇಕಿಲ್ಲ. 1983ರಲ್ಲಿ ಮ್ಯಾಗಿ ಬಂದ ಮೇಲೆ ಎರಡು ನಿಮಿಷ ಸಾಕು, ಯಾರೂ ಬೇಕಿಲ್ಲ. ಈಗ ಒತ್ತಿ ಒಣಗಿಸಿದ ಅಕ್ಕಿ ಶಾವಿಗೆ, ರಾಗಿ ಶಾವಿಗೆ ಪ್ಯಾಕೆಟ್ಟಿನಲ್ಲೇ ಸಿಗುತ್ತೆ. ನಾನೂ ತರುತ್ತೇನೆ, ಅದನ್ನು ಬಯ್ಯೋಕೆ ಹೋಗಲ್ಲ. ದಿನಾ ಬೆಳಗ್ಗೆ ಏಳಕ್ಕೆ ಕ್ಯಾಬ್ ಹಿಡಿಯೋ ಅಕ್ಕನಿಗೆ ಸನ್ನೆ ಒತ್ತು ಅನ್ನೋಕೆ ನನಗೆ ಯಾವ ಹಕ್ಕೂ ಇಲ್ಲ. ಅವಳ ಮನೆಯಲ್ಲಿ ಸ್ಲೋ ಕುಕ್ಕರ್ ಇದೆ, ಕೋಳಿ ಸಾರು ಅದರಲ್ಲೇ ಆಗುತ್ತೆ, ನಿಜ ಹೇಳಬೇಕಂದ್ರೆ ಕೋಡೊಲೆಯ ರುಚಿಗೆ ತೀರಾ ದೂರವೇನಿಲ್ಲ.

ನನ್ನ ಚಿಂತೆ ಬೇರೆ. ದೊಡ್ಡಮ್ಮನಿಗೆ ಈಗ ಎಪ್ಪತ್ತೆಂಟು. ಮುದ್ದೆ ಬೆಂದಿದೆಯೋ ಇಲ್ಲವೋ ಅನ್ನೋದನ್ನು ಅವರು ನೀರಿನಲ್ಲಿ ಅದು ತೇಲೋ ರೀತಿ ನೋಡಿಯೇ ಹೇಳುತ್ತಾರೆ. ಹಳೇ ಅಕ್ಕಿಗೆ ನೀರು ಎಷ್ಟು, ಹೊಸ ಅಕ್ಕಿಗೆ ಎಷ್ಟು, ಯಾವ ಬಿಲ್ಲೆಯ ತೂತಿಗೆ ಯಾವ ಹದ, ಎಲ್ಲಾ ಬಾಯಲ್ಲೇ ಇದೆ. ಅದನ್ನೆಲ್ಲ ಬರೆದುಕೊಳ್ಳೋಕೆ ಶುರು ಮಾಡಿದ್ದೇನೆ. 'ಇದನ್ನೆಲ್ಲಾ ಬರೀತಾರೇನೋ, ಬಂದು ಒತ್ತು' ಅಂತಾರೆ ಅವರು. ಅವರ ಒರಳು ಹಲಸಿನ ಮರದ್ದು, ಹಿತ್ತಾಳೆ ಬಿಲ್ಲೆಗಳು ಎರಡು, ಒಂದರಲ್ಲಿ 61 ತೂತು, ಇನ್ನೊಂದರಲ್ಲಿ 37. ಸದ್ಯಕ್ಕೆ ಅಟ್ಟದ ಮೇಲಿದೆ. ಕೀಲಿನ ಕಬ್ಬಿಣದ ಸರಳು ತುಕ್ಕು ಹಿಡಿದಿದೆ, ಅರಕಲಗೂಡಿನಲ್ಲಿ ಮಾಡಿಕೊಡೋ ಕಮ್ಮಾರರೊಬ್ಬರು ಸಿಕ್ಕಿದ್ದಾರೆ.

ನಿಮ್ಮ ಕಡೆ ಇದಕ್ಕೆ ಏನಂತಾರೆ? ಒರಳೋ, ಮಣೆಯೋ, ಇಲ್ಲಾ ಬೇರೆ ಹೆಸರಿದೆಯೋ? ಅಟ್ಟದ ಮೇಲೆ ಮರದ್ದೇನಾದರೂ ಉಳಿದಿದ್ದರೆ ಸನ್ನೆಯ ಉದ್ದ, ಕೊಳವೆಯ ಅಗಲ, ತೂತುಗಳ ಲೆಕ್ಕ, ಯಾವ ಊರಿನದು ಅನ್ನೋದನ್ನು ಬರೆದು ತಿಳಿಸಿ. ಸೌದೆಗೆ ಹಾಕೋ ಮುಂಚೆ ಒಂದು ಫೋಟೋ ಆದರೂ ತೆಗೆದಿಡಿ.