ಒದೆಯದ ಹಸುವಿನ ಪಾಠ

ಪಶುವೈದ್ಯ ಕಾಲೇಜಿನಲ್ಲಿ ಕಲಿಯುವವರಿಗೂ ಕಲಿಸುವವರಿಗೂ ಒಂದೇ ಸಮನೆ ಕಾಡುವ ವಿದ್ಯೆಯೆಂದರೆ ಹಸುವಿನ ಗಬ್ಬದ ಪರೀಕ್ಷೆ. ಭುಜದವರೆಗೆ ಕೈಗವಸು ತೊಟ್ಟು, ಗುದನಾಳದೊಳಗೆ ಕೈ ಇಳಿಸಿ, ಅದರ ಗೋಡೆಯ ಮೇಲಿನಿಂದಲೇ ಗರ್ಭಕಂಠ, ಗರ್ಭಕೋಶ, ಅಂಡಾಶಯಗಳನ್ನು ಬೆರಳತುದಿಯಲ್ಲಿ ಗುರುತು ಹಿಡಿಯಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ. ಹುಡುಗ ‘ಸಿಕ್ತು ಸಾರ್’ ಎಂದರೆ ಮೇಷ್ಟ್ರು ನಂಬಬೇಕು. ಅವನ ಕೈಗೆ ಸಿಕ್ಕಿದ್ದು ಗರ್ಭಕೋಶವೋ, ಮೂತ್ರಕೋಶವೋ ಆ ಹಸುವಿಗೇ ಗೊತ್ತು. ಕೃತಕ ಮಾದರಿಗಳ ಮೂಲಕ ಪಶುವೈದ್ಯ ಕೌಶಲ ಕಲಿಸುವ ಕ್ಷೇತ್ರ ಬೆಳೆದುಬಂದ ದಾರಿಯನ್ನು ನೋಡಲು ಈ ಕತ್ತಲೆಯ ಪರೀಕ್ಷೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕ್ಲೋದ್ ಬೂರ್ಜೆಲಾ ಫ್ರಾನ್ಸಿನ ಲಿಯೋನಿನಲ್ಲಿ 1761ರಲ್ಲಿ ಮೊದಲ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದ. ಮುಂದಿನ ಶತಮಾನದಲ್ಲಿ ಅದೇ ದೇಶದ ಲೂಯಿ ಒಜೂ ಎಂಬ ವೈದ್ಯ ಕಾಗದದ ಮುದ್ದೆಯಿಂದ ಕುದುರೆಯ ಮಾದರಿ ಮಾಡಿದ. ಸ್ನಾಯು, ಕರುಳು ಎಲ್ಲವನ್ನೂ ಒಂದೊಂದಾಗಿ ಬಿಚ್ಚಿ ಮತ್ತೆ ಜೋಡಿಸಬಹುದಿತ್ತು. ನೋಡಿ ತಿಳಿಯಲು ಅದು ಸೊಗಸಾದ ಸಾಧನ. ಕೈ ಪಳಗಿಸಲು ಮಾತ್ರ ಸತ್ತ ಪ್ರಾಣಿ, ಕಸಾಯಿಖಾನೆಯಿಂದ ತಂದ ಅಂಗಾಂಗ, ಇಲ್ಲವೇ ಜೀವಂತ ಪ್ರಾಣಿಯೇ ಗತಿ. ಆರೋಗ್ಯವಂತ ನಾಯಿಗೆ ಅರಿವಳಿಕೆ ಕೊಟ್ಟು, ಶಸ್ತ್ರಚಿಕಿತ್ಸೆ ಅಭ್ಯಾಸ ಮಾಡಿ, ಎಚ್ಚರವಾಗಲು ಬಿಡದೆ ಕೊಲ್ಲುವ ಪದ್ಧತಿ ಪಾಶ್ಚಾತ್ಯ ಕಾಲೇಜುಗಳಲ್ಲಿ ಬಹುಕಾಲ ನಡೆಯಿತು.

ಆ ಪದ್ಧತಿ ಅಲುಗಾಡಿದ್ದಕ್ಕೆ ಕಾರಣ ತಂತ್ರಜ್ಞಾನವಲ್ಲ, ಮನಸ್ಸಾಕ್ಷಿ. ಪ್ರಾಣಿಗಳಿಗೆ ಬದಲಿ ಹುಡುಕಿ, ಸಂಖ್ಯೆ ತಗ್ಗಿಸಿ, ನೋವು ಕಡಿಮೆ ಮಾಡಿ ಎಂದು ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ 1959ರಲ್ಲಿ ಬರೆದದ್ದು ಪ್ರಯೋಗಾಲಯಗಳನ್ನು ಕುರಿತು. ತರಗತಿಗೆ ಆ ಮಾತು ಬರಲು ದಶಕಗಳೇ ಬೇಕಾದವು. 1980ರ ದಶಕದಲ್ಲಿ ಅಮೆರಿಕದ ಕೆಲವು ವಿದ್ಯಾರ್ಥಿಗಳು ಇಂಥ ಶಸ್ತ್ರಚಿಕಿತ್ಸೆ ಮಾಡಲು ಒಪ್ಪಲಿಲ್ಲ. ಆಮೇಲೆ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ನಾಯಿಯ ಹೊಟ್ಟೆಯನ್ನು ಹೋಲುವ ‘ಡೇಸಿ’ ಎಂಬ ಮಾದರಿ ತಯಾರಾಯಿತು. ಕೊಯ್ದು ಹೊಲಿಯುವುದನ್ನು ಪ್ರಾಣಹಾನಿಯಿಲ್ಲದೆ ಅದರ ಮೇಲೆ ಕಲಿಯಬಹುದಾಯಿತು.

ಮತ್ತೆ ಹಸುವಿಗೆ ಬರೋಣ. ಸಾರಾ ಬೈಲಿ ಹಳ್ಳಿಗಾಡಿನಲ್ಲಿ ದನಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಪಶುವೈದ್ಯೆ. 2000ದ ದಶಕದ ಆರಂಭದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಸೇರಿ, ಕಂಪ್ಯೂಟರ್ ವಿಜ್ಞಾನದವರ ಜೊತೆ ಕೂತು ‘ಹ್ಯಾಪ್ಟಿಕ್ ಕೌ’ (ಸ್ಪರ್ಶದಿಂದ ಕಲಿಸುವ ಹಸು) ರೂಪಿಸಿದರು. ಹೊರಗಿನಿಂದ ನೋಡಿದರೆ ಅದು ಫೈಬರ್‌ಗ್ಲಾಸಿನಲ್ಲಿ ಮಾಡಿದ ಹಸುವಿನ ಹಿಂಭಾಗ, ಅಷ್ಟೆ. ಒಳಗೊಂದು ಪುಟ್ಟ ಯಾಂತ್ರಿಕ ತೋಳು. ಅದರ ತುದಿಯ ಟೋಪಿಗೆ ವಿದ್ಯಾರ್ಥಿ ಬೆರಳು ತೂರಿಸುತ್ತಾನೆ. ಬೆರಳು ಸರಿದಂತೆಲ್ಲ ಯಂತ್ರ ಲೆಕ್ಕ ಹಾಕಿ ಎದುರು ಒತ್ತುತ್ತದೆ: ಗರ್ಭಕಂಠ ಇರಬೇಕಾದಲ್ಲಿ ಗಟ್ಟಿ, ಗರ್ಭಕೋಶದ ಜಾಗದಲ್ಲಿ ಮೆತ್ತಗೆ. ಪಕ್ಕದ ಪರದೆಯಲ್ಲಿ ಅಂಗಗಳ ಚಿತ್ರವೂ ಬೆರಳಿರುವ ಜಾಗವೂ ಕಾಣುತ್ತದೆ. ‘ಇನ್ನೂ ಸ್ವಲ್ಪ ಎಡಕ್ಕೆ, ಈಗ ಕೆಳಗೆ’ ಎಂದು ಮೇಷ್ಟ್ರು ಮೊದಲ ಬಾರಿಗೆ ಕಣ್ಣಾರೆ ಕಂಡು ಹೇಳುವಂತಾಯಿತು. ಬೈಲಿ ತಂಡ ಇದನ್ನು ಒರೆಗೂ ಹಚ್ಚಿತು. ಮಾಮೂಲಿ ಪಾಠದ ಜೊತೆ ಯಂತ್ರದ ಅಭ್ಯಾಸವನ್ನೂ ಪಡೆದ 8 ವಿದ್ಯಾರ್ಥಿಗಳು, ಬರೀ ಮಾಮೂಲಿ ಪಾಠವಾದ 8 ವಿದ್ಯಾರ್ಥಿಗಳು. ಎರಡೂ ಗುಂಪಿನವರು ಮೊದಲ ಸಲ ನಿಜವಾದ ಹಸುವಿಗೆ ಕೈ ಹಾಕಿದಾಗ ಗರ್ಭಕೋಶ ಪತ್ತೆ ಹಚ್ಚುವುದರಲ್ಲಿ ಮೊದಲ ಗುಂಪು ಸ್ಪಷ್ಟವಾಗಿ ಮುಂದಿತ್ತು. ಸಣ್ಣ ಪ್ರಯೋಗ, ನಿಜ. ಆದರೆ ಈ ಕ್ಷೇತ್ರಕ್ಕೆ ಬೆನ್ನೆಲುಬು ಬಂದದ್ದು ಅಂಥ ಹೋಲಿಕೆಗಳಿಂದಲೇ.

ಅಲ್ಲಿಂದಾಚೆ ಮಾದರಿಗಳ ಸುಗ್ಗಿ. ಆಸ್ಟ್ರೇಲಿಯಾದ ‘ಬ್ರೀಡ್ನ್ ಬೆಟ್ಸಿ’ಯಲ್ಲಿ ಕೃತಕ ಗರ್ಭಧಾರಣೆಯ ಅಭ್ಯಾಸ, ಕೆನಡಾದ ಕ್ಯಾಲ್ಗರಿಯಲ್ಲಿ ತಯಾರಾದ ಆಳೆತ್ತರದ ಹಸುವಿನಲ್ಲಿ ಅಡ್ಡ ಬಂದ ಕರುವನ್ನು ತಿರುಗಿಸಿ ಎಳೆಯುವ ಅಭ್ಯಾಸ. ಅಮೆರಿಕದ ಕಾರ್ನೆಲ್‌ನಲ್ಲಿ ನಾಡಿ, ಉಸಿರು ಇರುವ ‘ರೋಬೋ ಜೆರ್ರಿ’ ಎಂಬ ನಾಯಿ ಬಂತು. ನಿಂತ ಹೃದಯವನ್ನು ಮತ್ತೆ ನಡೆಸುವ ಕೆಲಸಕ್ಕೆ 2012ರಲ್ಲಿ ‘ರಿಕವರ್’ ಮಾರ್ಗಸೂಚಿ ಪ್ರಕಟವಾಯಿತು: ನಿಮಿಷಕ್ಕೆ 100ರಿಂದ 120 ಒತ್ತು, ಎದೆಯ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ಆಳ. ಓದಲು ಒಂದೇ ಸಾಲು. ಎರಡು ನಿಮಿಷ ಬಿಡದೆ ಅದೇ ಲಯದಲ್ಲಿ ಒತ್ತಿ ನೋಡಿದರೆ ತೋಳಿನ ಸೋಲು ಗೊತ್ತಾಗುತ್ತದೆ. ಅದನ್ನು ಸಾಯುತ್ತಿರುವ ನಾಯಿಯ ಮೇಲೆ ಕಲಿಯಿರಿ ಎನ್ನಲು ಯಾರಿಗೂ ಬಾಯಿ ಬಾರದು.

2010ರ ನಂತರ ಯುರೋಪ್, ಅಮೆರಿಕಗಳಲ್ಲಿ ಇದಕ್ಕೆಂದೇ ಕೌಶಲ ಕೇಂದ್ರಗಳು ತೆರೆದುಕೊಂಡವು. ಬ್ರಿಸ್ಟಲ್ ಪಶುವೈದ್ಯ ಶಾಲೆ ಹಂತಹಂತದ ಕೈಪಿಡಿಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಪುಕ್ಕಟೆ ಕೊಟ್ಟಿದೆ. ಪರೀಕ್ಷೆಯ ರೀತಿಯೂ ಬದಲಾಯಿತು. ಸ್ಕಾಟ್ಲೆಂಡಿನ ಡಂಡಿಯ ರೊನಾಲ್ಡ್ ಹಾರ್ಡನ್ 1975ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿದ ‘ಆಸ್ಕಿ’ ಪರೀಕ್ಷೆಯಲ್ಲಿ ಅಭ್ಯರ್ಥಿ ಮೇಜಿನಿಂದ ಮೇಜಿಗೆ ಹೋಗಿ ನಿಗದಿತ ನಿಮಿಷಗಳಲ್ಲಿ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಪಶುವೈದ್ಯ ಕಾಲೇಜುಗಳೂ ಅದನ್ನು ಒಪ್ಪಿಕೊಂಡಿವೆ.

ಈ ಎರಡು ದಶಕಗಳ ಅಧ್ಯಯನಗಳಲ್ಲಿ ನನಗೆ ಮುಖ್ಯವೆನಿಸುವುದು ಬೇರೆಯೇ. ಆರಂಭದ ಕೌಶಲಗಳಿಗೆ ದುಬಾರಿ ಮಾದರಿಯಷ್ಟೇ ಅಗ್ಗದ ಮಾದರಿಯೂ ಸಾಕೆಂದು ಹಲವು ಹೋಲಿಕೆಗಳಲ್ಲಿ ಕಂಡುಬಂದಿದೆ. ಗಂಟು ಕಟ್ಟಲು ರೆಕ್ಸಿನ್ ತುಂಡು, ಸೂಜಿ ಚುಚ್ಚಲು ಬಟ್ಟೆಯಡಿ ಕೆಂಪು ನೀರು ತುಂಬಿದ ಡ್ರಿಪ್ ಕೊಳವೆ. ಸರಿ-ತಪ್ಪು ಹೇಳುವವರು ಪಕ್ಕದಲ್ಲಿದ್ದರೆ ಕೈ ಕಲಿಯುತ್ತದೆ. ಮಾದರಿಗಳಿಗೂ ಮಿತಿಯಿದೆ. ಫೈಬರ್‌ಗ್ಲಾಸ್ ಹಸು ಒದೆಯುವುದಿಲ್ಲ, ಸಗಣಿ ಹಾಕುವುದಿಲ್ಲ, ಅದರ ಯಜಮಾನ ಪಕ್ಕದಲ್ಲಿ ನಿಂತು ‘ಗಬ್ಬ ನಿಂತಿದೆಯಾ ಸಾರ್’ ಎಂದು ಕೇಳುವುದಿಲ್ಲ. ಅದಕ್ಕೆ ಕೊಟ್ಟಿಗೆಗೇ ಹೋಗಬೇಕು.

ಭಾರತದಲ್ಲಿ 2019ರ ಜಾನುವಾರು ಗಣತಿಯ ಪ್ರಕಾರ 19 ಕೋಟಿಗೂ ಹೆಚ್ಚು ದನ, ಸುಮಾರು 11 ಕೋಟಿ ಎಮ್ಮೆಗಳಿವೆ. ಪಶುವೈದ್ಯ ಪದವಿಯ ಐದೂವರೆ ವರ್ಷದಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಇಷ್ಟು ರಾಸುಗಳಿರುವಾಗ ಪ್ಲಾಸ್ಟಿಕ್ ಹಸು ಯಾಕೆ ಎಂಬ ಪ್ರಶ್ನೆ ಸಹಜ. ಆದರೆ ಒಂದೇ ಹಸುವಿಗೆ ಹತ್ತಾರು ಅನನುಭವಿ ಕೈಗಳು ಸಾಲಾಗಿ ಇಳಿದರೆ ಗುದನಾಳ ಊದಿಕೊಂಡು ರಕ್ತ ಬರಬಹುದು, ಐದನೆಯವನು ಕಲಿಯುವುದೂ ಅಷ್ಟಕ್ಕಷ್ಟೆ. ಹೆಬ್ಬಾಳದಿಂದ ಬೀದರ್‌ವರೆಗೆ ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಸಂಜೆ ಹೊತ್ತಿನಲ್ಲೂ ಹೋಗಿ ಅಭ್ಯಾಸ ಮಾಡಬಹುದಾದ ಒಂದು ಕೋಣೆ, ಅಗ್ಗದ ಮಾದರಿಗಳು, ತಿದ್ದಲು ಒಬ್ಬ ಮೇಷ್ಟ್ರು, ರೈತನ ಹಸುವಿಗೆ ಕೈ ಹಾಕುವ ಮುನ್ನ ಅಲ್ಲೊಂದು ಕಡ್ಡಾಯ ಪರೀಕ್ಷೆ ಇರಲಿ. ದುಬಾರಿ ಯಂತ್ರದ ಟೆಂಡರಿಗಾಗಿ ಕಾಯುತ್ತ ಕೂರಬೇಕಾಗಿಲ್ಲ.